86ರ ಅಮ್ಮನಿಗೆ ಕರುಳಿನ ಆಪರೇಷನ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮನಿಗೆ 86 ವರ್ಷ. ಸುಸ್ತು ಅಂತಿದ್ರು, ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 7, ಆಮೇಲೆ ಕೊಲನೋಸ್ಕೋಪಿಲಿ (ಕ್ಯಾಮೆರಾ ಬಿಟ್ಟು ಕರುಳು ನೋಡೋ ಟೆಸ್ಟ್) ದೊಡ್ಡ ಕರುಳಿನ ಬಲಗಡೆ ಕ್ಯಾನ್ಸರ್ ಗಡ್ಡೆ ಗೊತ್ತಾಯ್ತು, ಬೇರೆಲ್ಲೂ ಹರಡಿಲ್ವಂತೆ. ಸರ್ಜನ್ ಆಪರೇಷನ್ ಮಾಡೋಣ ಅಂತಾರೆ, ನೆಂಟರು ಈ ವಯಸ್ಸಲ್ಲಿ ಯಾಕೆ ಕೊಯ್ಸ್ತೀರಾ ಅಂತಾರೆ. ಮಲ ಹೋಗೋಕೆ ಹೊಟ್ಟೆಗೆ ಚೀಲ ಹಾಕ್ತಾರಾ? ಅಮ್ಮನಿಗೆ ಇನ್ನೂ ಹೇಳಿಲ್ಲ.
- ಓದುಗರು, ಹಾಸನ

ಉತ್ತರ: ನೆಂಟರು ನೋಡ್ತಿರೋದು ಬರೀ 86 ಅನ್ನೋ ನಂಬರ್. ನಾವು ನೋಡೋದು ಅಮ್ಮ ಹೇಗೆ ಓಡಾಡ್ತಾರೆ, ತಾವೇ ಸ್ನಾನ ಮಾಡ್ಕೋತಾರಾ, ತೂಕ ಇಳಿದಿದ್ಯಾ, ಮರೆವು ಇದ್ಯಾ, ಹಾರ್ಟು ಕಿಡ್ನಿ ಹೇಗಿದೆ ಅಂತ. ಮನೇಲೇ ನೋಡಿ, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ವಾಪಸ್ ಬಂದು ಕೂರೋಕೆ 20 ಸೆಕೆಂಡ್‌ಗಿಂತ ಜಾಸ್ತಿ ಆದ್ರೆ ರಿಸ್ಕ್ ಹೆಚ್ಚು ಅಂತ ಲೆಕ್ಕ, ಸರ್ಜನ್‌ಗೆ ಅದನ್ನೂ ಹೇಳಿ.

ಸುಮ್ನೆ ಬಿಟ್ರೆ ಅಮ್ಮ ನೆಮ್ಮದಿಯಾಗಿರ್ತಾರೆ ಅಂತ ಎಲ್ರೂ ಅಂದ್ಕೊಳ್ತಾರೆ, ಆದ್ರೆ ಗಡ್ಡೆ ಸುಮ್ನಿರಲ್ಲ, ರಕ್ತ ಹೋಗ್ತಾನೇ ಇರುತ್ತೆ, ಒಂದಿನ ಕರುಳೇ ಬ್ಲಾಕ್ ಆಗಿ ಹೊಟ್ಟೆ ಉಬ್ಬಿ ವಾಂತಿ ಶುರುವಾದ್ರೆ ಮಧ್ಯರಾತ್ರಿ ಎಮರ್ಜೆನ್ಸಿ ಆಪರೇಷನ್ನೇ ಗತಿ ಆಗ್ಬೋದು, ಇಷ್ಟು ವಯಸ್ಸಾದವ್ರಲ್ಲಿ ಅದ್ರ ಅಪಾಯ ಪ್ಲಾನ್ ಮಾಡಿ ಮಾಡೋದಕ್ಕಿಂತ ತುಂಬಾನೇ ಜಾಸ್ತಿ. ಎರಡು ಮೂರು ವಾರ ಟೈಮ್ ತಗೊಂಡು ತಯಾರಿ ಮಾಡಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ: ಡ್ರಿಪ್‌ನಲ್ಲಿ ಐರನ್, ಮೊಟ್ಟೆನೋ ಬೇಳೆನೋ ಮೊಸರೋ ಪ್ರೋಟೀನ್ ಹೊಟ್ಟೆಗೆ ಬೀಳ್ಬೇಕು, ದಿನಾ ವಾಕಿಂಗು, ಉಸಿರು ಎಳೆದ್ರೆ ಚೆಂಡು ಮೇಲೇಳೋ ಡಬ್ಬೀಲಿ ಉಸಿರಿನ ವ್ಯಾಯಾಮ.

ಚೀಲದ ಭಯ ಬೇಡ, ಬಲಗಡೆ ಗಡ್ಡೆಗೆ ಹೆಚ್ಚಿನಂಶ ಕರುಳನ್ನ ಅಲ್ಲೇ ಜೋಡಿಸ್ತಾರೆ, ಚೀಲ ಜಾಸ್ತಿ ಬೇಕಾಗೋದು ಗುದದ್ವಾರದ ಹತ್ರದ ಗಡ್ಡೆಗಳಿಗೆ. ಸಣ್ಣ ತೂತುಗಳಿಂದ ಮಾಡೋ ಲ್ಯಾಪರೋಸ್ಕೋಪಿ ಆಗುತ್ತಾ ಕೇಳಿ, ನೋವು ಕಮ್ಮಿ, ಬೇಗ ಎದ್ದು ಓಡಾಡ್ತಾರೆ.

ಆಪರೇಷನ್ ಆದ್ಮೇಲೆ ಎರಡ್ಮೂರು ದಿನ ಅಮ್ಮ ಏನೇನೋ ಮಾತಾಡ್ಬೋದು, ರಾತ್ರಿ ಎದ್ದು ಡ್ರಿಪ್ ಕಿತ್ತಾಕ್ಬೋದು, ಹುಚ್ಚು ಹಿಡೀತು ಅಂತ ಗಾಬರಿ ಬೀಳ್ಬೇಡಿ, ಡಾಕ್ಟ್ರಿಗೆ ತಕ್ಷಣ ತಿಳಿಸಿ. ಕನ್ನಡಕ, ಕಿವಿ ಮಷೀನು ವಾಪಸ್ ಹಾಕಿ, ಗುರುತಿನೋರು ಒಬ್ರು ಪಕ್ಕದಲ್ಲಿರಿ.

ಆದ್ರೆ ಇದೆಲ್ಲಕ್ಕಿಂತ ಮೊದ್ಲು ಅಮ್ಮನಿಗೆ ಹೇಳಿ. ಹೊಟ್ಟೆ ಅವ್ರದು, ತೀರ್ಮಾನ ಮಾತ್ರ ಮಕ್ಕಳದು ಅಂದ್ರೆ ನಾನಂತೂ ಒಪ್ಪಲ್ಲ. ಎಲ್ಲ ಕೇಳಿಸ್ಕೊಂಡು ಬೇಡಪ್ಪಾ ಅಂದ್ರೆ ಅದನ್ನೂ ಒಪ್ಕೋಬೇಕು, ಆಗ ಐರನ್ನು, ಬೇಕಾದಾಗ ರಕ್ತ, ನೋವಿಗೆ ಔಷಧಿ ಕೊಟ್ಟು ನೋಡ್ಕೋಬೋದು, ಕರುಳು ಬ್ಲಾಕ್ ಆದ್ರೆ ಏನ್ ಮಾಡೋದು ಅಂತ ಮಾತ್ರ ಈಗ್ಲೇ ಸರ್ಜನ್ ಹತ್ರ ಮಾತಾಡಿಟ್ಕೊಳ್ಳಿ.