ಐಸ್ ಪ್ಲಾಂಟ್‌ನಿಂದ ಅಮೋನಿಯಾ ಸೋರಿದರೆ ಆರೋಗ್ಯ ಇಲಾಖೆಯವರು ಬರುವ ತನಕ ಮನೆಯಲ್ಲೇ ಇರಬೇಕಾ, ಹೊರಗೆ ಓಡಬೇಕಾ?

ಕಡಲ ತೀರದಲ್ಲಿ ಮನೆ, ಕೂಗಳತೆಯಲ್ಲಿ ಐಸ್ ಪ್ಲಾಂಟ್, ಮನೆಯಲ್ಲಿ ಉಬ್ಬಸ ಇರುವ ಅಮ್ಮ. ಇಲಾಖೆಯವರು ಬರುವ ತನಕ ಏನು ಮಾಡಬೇಕು, ಯಾವ ಮಾಸ್ಕ್ ತಂದಿಡಬೇಕು ಅಂತ ಕೇಳಿದ್ದೀರಿ. ಆ "ಇಲಾಖೆಯವರು" ಒಂದು ಕಾಲದಲ್ಲಿ ನಾನೇ. ಉತ್ತರ ಕನ್ನಡದ ಒಂದು ಮೀನುಗಾರಿಕೆ ಬಂದರಿನಲ್ಲಿ ಹಿರಿಯ ಆರೋಗ್ಯ ನಿರೀಕ್ಷಕನಾಗಿದ್ದೆ. ಈಗ ನಿವೃತ್ತಿಯಾಗಿದೆ. ಊರಿನ ಹೆಸರು, ಪ್ಲಾಂಟಿನ ಹೆಸರು ಎರಡೂ ಬೇಡ.

ನೀವು ಕೇಳಿದ ರೀತಿಯೇ ನನಗೆ ಒಪ್ಪಿಗೆ ಇಲ್ಲ. "ಬರುವ ತನಕ" ಅನ್ನುವುದನ್ನು ತಲೆಯಿಂದ ತೆಗೆದುಹಾಕಿ. ನಾವು ಬಂದು ನಿಮ್ಮನ್ನು ಎತ್ತಿಕೊಂಡು ಹೋಗುವುದಿಲ್ಲ. ಸೋರುತ್ತಿರುವ ಜಾಗಕ್ಕೆ ಹೋಗುವುದು ಅಗ್ನಿಶಾಮಕ ದಳದವರು, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು. ನಮ್ಮ ಹತ್ತಿರ ಇದ್ದದ್ದು ಒಂದು ಜೀಪು, ಒಂದು ಮೈಕು, ಒಂದು ರಿಜಿಸ್ಟರು. ಆ ರಿಜಿಸ್ಟರ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು.

ನಮ್ಮ ಬಂದರಿನ ಪ್ಲಾಂಟ್ ಸೋರಿದ್ದು ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವ. ಆಶಾ ಕಾರ್ಯಕರ್ತೆ ಫೋನ್ ಮಾಡಿ "ಸರ್, ದಕ್ಕೆ ಹತ್ರ ಗ್ಯಾಸ್ ಬಿಟ್ಟದೆ, ಕಣ್ಣು ಬಿಡೂಕೆ ಆಗ್ತಿಲ್ಲ" ಅಂದರು. ದಕ್ಕೆ ಅಂದರೆ ಬೋಟ್ ನಿಲ್ಲುವ ಕಟ್ಟೆ. ನಾನು ಹೋಗುವಷ್ಟರಲ್ಲಿ ಫೈರ್ ಎಂಜಿನ್ ಬಂದಾಗಿತ್ತು. ಕಂಪ್ರೆಸರ್ ಕೋಣೆಯ ಹಿಂದೆ ಒಂದು ವಾಲ್ವ್ ಕೈಕೊಟ್ಟಿತ್ತು. ಆಪರೇಟರ್ ಓಡಿಹೋಗಿದ್ದ. ಅವನನ್ನು ಬೈಯಬೇಡಿ, ನಾನಾದರೂ ಓಡುತ್ತಿದ್ದೆ. ಅಮೋನಿಯಾ ಹಗುರ, ಮೇಲೆ ಹೋಗಿಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಗ್ಯಾಸ್ ಆದಮೇಲೆ ಹಗುರವೇ. ಆದರೆ ಪ್ಲಾಂಟ್‌ನ ಪೈಪಿನಲ್ಲಿ ಅದು ಒತ್ತಡದಲ್ಲಿರುವ ದ್ರವ. ಮೈನಸ್ 33 ಡಿಗ್ರಿಯಲ್ಲೇ ಕುದಿಯುವ ವಸ್ತು. ಹೊರಗೆ ಚಿಮ್ಮಿದ ಕೂಡಲೇ ಸುಮಾರು 850 ಪಟ್ಟು ಹಿಗ್ಗುತ್ತದೆ, ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡಿ ಬಿಳಿ ಮಂಜಾಗಿ ನೆಲ ಹಿಡಿದು ಹರಿಯುತ್ತದೆ. ನಾನು ನೋಡಿದ ಮಂಜು ಮೊಣಕಾಲೆತ್ತರದಲ್ಲಿ ಬೋಟ್‌ಗಳ ಕಡೆಗೆ ನಿಧಾನವಾಗಿ ಹೋಗುತ್ತಿತ್ತು. ಫೈರ್‌ನವರು ಅದರ ಮೇಲೆ ನೀರನ್ನು ಹನಿಹನಿಯಾಗಿ ಎರಚುತ್ತಿದ್ದರು. ನೆಲದಲ್ಲಿ ನಿಂತ ದ್ರವಕ್ಕೆ ಮಾತ್ರ ತಾಗಿಸುತ್ತಿರಲಿಲ್ಲ, ತಾಗಿಸಿದರೆ ಇನ್ನೂ ಜೋರಾಗಿ ಕುದಿಯುತ್ತದೆ. ಅಮೋನಿಯಾ ನೀರಿನಲ್ಲಿ ಬೇಗ ಕರಗುತ್ತದೆ, ಅದಕ್ಕೇ ಈ ಉಪಾಯ. ಅದೇ ಕಾರಣಕ್ಕೆ ಅದು ಮೊದಲು ಹಿಡಿಯುವುದೂ ನಮ್ಮ ಮೈಯಲ್ಲಿ ಒದ್ದೆ ಇರುವ ಜಾಗಗಳನ್ನೇ: ಕಣ್ಣು, ಮೂಗು, ಗಂಟಲು.

ಈಗ ನಾನು ಮಾಡಿದ ತಪ್ಪು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ, ಏಕೆಂದರೆ ನಿಮ್ಮ ಮನೆಯೂ ಕಡಲ ತೀರದಲ್ಲೇ ಇದೆ.

ಪ್ಲಾಂಟಿನ ಪೂರ್ವಕ್ಕೆ, ರಸ್ತೆ ದಾಟಿದರೆ ಶಾಲೆ. ಪಶ್ಚಿಮಕ್ಕೆ ದಕ್ಕೆ, ಅದರಾಚೆ ಕಡಲು. ನಾನು ದಿಕ್ಕು ನೋಡದೆ ಏನೂ ಮಾಡಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೇ ಮಾಡಿದೆ. ಕರ್ಚೀಫ್ ಹಿಡಿದು ನೋಡಿದೆ, ಬೋಟ್‌ಗಳ ಬಾವುಟ ನೋಡಿದೆ. ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿತ್ತು. ಅಂದರೆ ಶಾಲೆ ಗಾಳಿ ಬರುವ ಬದಿಯಲ್ಲಿದೆ, ಸುರಕ್ಷಿತ. ಮೈಕಿನಲ್ಲಿ ಎಲ್ಲರೂ ಶಾಲೆಗೆ ಬನ್ನಿ ಅಂತ ಕೂಗಿಸಿದೆ. ಜನ ಬಂದರು, ಮುದುಕರು, ಮಕ್ಕಳು, ಬಾಣಂತಿ ಸಮೇತ. ಮೀನು ಮಾರುವ ಅಜ್ಜಿಯೊಬ್ಬರು ಶಾಲೆಯ ಜಗಲಿಯಲ್ಲಿ ಬುಟ್ಟಿ ಇಳಿಸಿ, ಬಾವುಟದ ಕಡೆ ನೋಡಿ, "ಹೊತ್ತೇರಿದ ಮೇಲೆ ಗಾಳಿ ಇತ್ಲಾಗೆ ಬರ್ತದೆ ಸರ್, ಇಲ್ಲಿ ಕೂರಿಸಬೇಡಿ" ಅಂದರು. ನಾನು "ಆಯ್ತು ಅಜ್ಜಿ, ಕೂತ್ಕೊಳ್ಳಿ" ಅಂದೆ.

ಆಗಲೇ ತಹಶೀಲ್ದಾರರ ಕಚೇರಿಯಿಂದ ಫೋನು. ಜನ ಎಲ್ಲಿದ್ದಾರೆ ಅಂತ ಕೇಳಿದರು. ಶಾಲೆಯಲ್ಲಿ ಸುರಕ್ಷಿತವಾಗಿದ್ದಾರೆ ಅಂದೆ. ಅವರು ಅದನ್ನೇ ಮೇಲಕ್ಕೆ ಹೇಳಿದರು. ಒಮ್ಮೆ ಮೇಲಕ್ಕೆ ಹೋದ ಮಾತನ್ನು ವಾಪಸ್ ತರುವುದು ಎಷ್ಟು ಕಷ್ಟ ಅಂತ ಸರ್ಕಾರಿ ನೌಕರಿ ಮಾಡಿದವರಿಗೆ ಗೊತ್ತು. ಜನರನ್ನು ತಂದ ಟೆಂಪೊಗಳು ಸುಮ್ನೆ ನಿಂತಿದ್ದವು, ಮೀನು ಹೇರಬೇಕು ಅಂತ ಚಾಲಕರು ಗೊಣಗುತ್ತಿದ್ದರು. ಅವರನ್ನೂ ಕಳುಹಿಸಿಬಿಟ್ಟೆ.

ಹತ್ತು ಗಂಟೆ ದಾಟಿದ ಮೇಲೆ ಬಾವುಟಗಳು ಸೋತು ಕೆಳಗೆ ಬಿದ್ದವು. ಸ್ವಲ್ಪ ಹೊತ್ತು ಗಾಳಿಯೇ ಇಲ್ಲ. ಆಮೇಲೆ ಅವು ಶಾಲೆಯ ಕಡೆಗೆ ಬಿಚ್ಚಿಕೊಂಡವು. ಸೋರಿಕೆ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಅಷ್ಟರಲ್ಲಿ ಮೆಕ್ಯಾನಿಕ್ ಬಂದು ಪೈಪಿನಲ್ಲಿ ಉಳಿದಿದ್ದನ್ನು ಹೊರಗೆ ಬಿಡಲು ಶುರುಮಾಡಿದ್ದ. ಅದನ್ನು ಅವನು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊದಲು ಕೆಮ್ಮಿದ್ದು ಮಕ್ಕಳು. ಕಿಟಕಿಗಳಿಗೆ ಬಾಗಿಲೇ ಇರಲಿಲ್ಲ, ಬರೀ ಸರಳು. ವಾಹನ ಒಂದೂ ಇಲ್ಲ. ಜನ ಮತ್ತೆ ಓಡಿದರು, ಈ ಸಲ ಯಾರ ಮಾತೂ ಕೇಳದೆ, ಕೆಲವರು ನೇರ ಪ್ಲಾಂಟಿನ ಕಡೆಗೇ. ಯಾರೂ ಸಾಯಲಿಲ್ಲ. ಆದರೆ ಬೆಳಗ್ಗೆ ಮನೆಯಲ್ಲಿ ಚೆನ್ನಾಗಿಯೇ ಇದ್ದ ಎಷ್ಟೋ ಜನ ನಾನು ಕರೆತಂದು ಕೂರಿಸಿದ್ದರಿಂದಲೇ ಆಸ್ಪತ್ರೆ ಸೇರಿದರು.

ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿಯಿಡೀ ನೆಲದಿಂದ ಕಡಲಿಗೆ ಗಾಳಿ, ಬಿಸಿಲೇರಿದ ಮೇಲೆ ಕಡಲಿಂದ ನೆಲಕ್ಕೆ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ, ಕಡಲು ಹಾಗಲ್ಲ. ಶಾಲೆಯ ಪಾಠದಲ್ಲೇ ಇದೆ, ನಾನೂ ಓದಿದ್ದೆ. ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಗಾಳಿಯನ್ನು ಒಂದು ಸಲ ನೋಡಿ, ಕೆಲಸ ಮುಗಿಯಿತು ಅಂದುಕೊಂಡೆ. ದಿನಾ ಆ ಗಾಳಿ ನೋಡಿಯೇ ಬೋಟ್ ಬಿಡುವ ಮನೆಯಿಂದ ಬಂದ ಹೆಂಗಸು ಬಾಯಿಬಿಟ್ಟು ಹೇಳಿದರೂ ಕೇಳಲಿಲ್ಲ. ಟೆಂಪೊಗಳನ್ನು ನಿಲ್ಲಿಸಿಕೊಂಡಿದ್ದರೂ ಸಾಕಿತ್ತು. ನನಗೆ ಒಂದು ಮೆಮೊ ಬಂತು, ಉತ್ತರ ಬರೆದೆ, ಅದು ಅಲ್ಲಿಗೆ ಮುಗಿಯಿತು. ಮುಗಿಯದೇ ಇದ್ದದ್ದು ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅದೇ ಕೇರಿಗೆ ಹೋಗಿ ಶಾಲೆಗೆ ಬನ್ನಿ ಅಂದೆವು. "ನಿಮ್ಮ ಶಾಲೆಗೆ ನೀವೇ ಹೋಗಿ" ಅಂದರು. ಅಲೆ ಮನೆಯ ಹಿತ್ತಲಿಗೆ ಬರುವ ತನಕ ಕದಲಲಿಲ್ಲ.

ಇನ್ನು ರಿಜಿಸ್ಟರ್ ವಿಷಯ. ಆರೋಗ್ಯ ಇಲಾಖೆಯ ನಿಜವಾದ ಕೆಲಸ ಶುರುವಾಗುವುದು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ. ಅಲ್ಲಿಯ ವೈದ್ಯೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಂದವರೆಲ್ಲರ ಹೆಸರು ಅವರ ಬಾಯಿಂದಲೇ ಕೇಳಿಸುತ್ತಿದ್ದರು. ಜೊತೆಗೆ ಬಂದವರು ಹೇಳಿದರೆ ಒಪ್ಪುತ್ತಿರಲಿಲ್ಲ. ಯಾಕೆ ಇಷ್ಟು ಹಟ ಅಂತ ನನಗೆ ಸಿಟ್ಟೇ ಬಂದಿತ್ತು. ಆಮೇಲೆ ಪ್ಲಾಂಟಿನ ಒಬ್ಬ ಹುಡುಗ ಬಂದ. ನಡೆದುಕೊಂಡೇ ಬಂದ, ಕಣ್ಣು ಕೆಂಪು ಅನ್ನುವುದು ಬಿಟ್ಟರೆ ಆರಾಮಾಗಿದ್ದ. ಹೆಸರು ಹೇಳಲು ಬಾಯಿ ತೆರೆದರೆ ಸ್ವರ ಒಡೆದು, ಗೊಗ್ಗರಾಗಿ ಹೊರಟಿತು. ಡಾಕ್ಟರು ತಕ್ಷಣ ಎದ್ದರು. ಸ್ವರ ಬದಲಾಯಿತು ಅಂದರೆ ಒಳಗೆ ಗಂಟಲು ಊದುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಉಸಿರಿನ ದಾರಿಯೇ ಮುಚ್ಚಬಹುದು. ಕೊಳವೆ ಹಾಕಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು, ಹುಡುಗ ಉಳಿದ. ಅಮೋನಿಯಾಕ್ಕೆ ಪ್ರತಿವಿಷ ಅಂತ ಏನೂ ಇಲ್ಲ. ನೀರು, ಆಮ್ಲಜನಕ, ಮತ್ತೆ ಹೀಗೆ ಕಿವಿಗೊಟ್ಟು ಕೇಳುವ ಒಬ್ಬ ಡಾಕ್ಟರು.

ಆಸ್ಪತ್ರೆಯ ಹೊರಗೇ, ಗೇಟಿನ ಹತ್ತಿರ, ಪೈಪ್ ಎಳೆದು ಬಟ್ಟೆ ತೆಗೆಸಿ ನೀರು ಹಾಕುತ್ತಿದ್ದರು. ಜನ ಇದಕ್ಕೆ ಜಗಳಕ್ಕೇ ಬಂದರು, ಮರ್ಯಾದೆ ಪ್ರಶ್ನೆ. ಆದರೆ 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೋದಲ್ಲಿ ಸಾರಿನ್ ಅನ್ನುವ ನರವಿಷ ಬಿಟ್ಟಾಗ ಏನಾಯಿತು ನೋಡಿ. ಸೇಂಟ್ ಲ್ಯೂಕ್ಸ್ ಆಸ್ಪತ್ರೆ ಒಂದಕ್ಕೇ ಅವತ್ತು 640 ಜನ ಬಂದರು. ಹೆಚ್ಚಿನವರು ಆಂಬುಲೆನ್ಸ್‌ನಲ್ಲಲ್ಲ, ನಡೆದು, ಟ್ಯಾಕ್ಸಿ ಹಿಡಿದು. ಉಟ್ಟ ಬಟ್ಟೆಯಲ್ಲೇ ಒಳಗೆ ಬಂದರು. ಅವರನ್ನು ನೋಡಿಕೊಂಡ ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ವಿಷದ ಲಕ್ಷಣ ಕಾಣಿಸಿತು. ನರ್ಸ್ ಮಲಗಿಬಿಟ್ಟರೆ ರೋಗಿಯನ್ನು ಯಾರು ನೋಡುವುದು? ಅಮೋನಿಯಾದಲ್ಲಿ ಬರೀ ಗ್ಯಾಸ್ ಉಸಿರಾಡಿದವರಿಂದ ಅಷ್ಟು ಭಯ ಇಲ್ಲ, ದ್ರವ ಮೈಮೇಲೆ ಬಿದ್ದವರನ್ನು ಮಾತ್ರ ಹಾಗೇ ಒಳಗೆ ಬಿಡಬಾರದು.

ರಿಜಿಸ್ಟರ್‌ನಲ್ಲಿ ಹೆಸರಿನ ಪಕ್ಕ ಇನ್ನೆರಡು ಕಾಲಂ: ಆ ಹೊತ್ತಿಗೆ ಎಲ್ಲಿದ್ದಿರಿ, ಎಷ್ಟು ಹೊತ್ತು ಇದ್ದಿರಿ. ನಾಳೆ ಯಾರಿಗೆ ಉಸಿರು ಕಟ್ಟಿತು, ಯಾರ ಕಣ್ಣು ಮಂಜಾಯಿತು ಅಂತ ಮನೆಮನೆಗೆ ಹೋಗಿ ನೋಡುವುದು ಇದನ್ನು ಹಿಡಿದುಕೊಂಡೇ. ಪರಿಹಾರದ ಮಾತು ಬಂದಾಗಲೂ ಇದೇ ಆಧಾರ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಅದು ಯಾವ ಅನಿಲ, ಚಿಕಿತ್ಸೆ ಏನು ಅಂತಲೂ ಆಸ್ಪತ್ರೆಯ ವೈದ್ಯರಿಗೆ ಸರಿಯಾಗಿ ಯಾರೂ ಹೇಳಲಿಲ್ಲ. ಆಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸುಮಾರು 80 ಸಾವಿರ ಜನರನ್ನು ಪಟ್ಟಿ ಮಾಡಿ ವರ್ಷಗಟ್ಟಲೆ ನೋಡಿತು. ಯಾರಿಗೆ ಎಷ್ಟು ಹಾನಿ ಅನ್ನುವ ಜಗಳ ಆದರೂ ಮುಗಿಯಲಿಲ್ಲ. ಆದ್ದರಿಂದ "ನನಗೇನೂ ಆಗಿಲ್ಲ" ಅಂತ ಹೆಸರು ಬರೆಸದೆ ಮನೆಗೆ ಹೋಗಬೇಡಿ. ಅಮ್ಮನ ಹೆಸರಂತೂ ಮೊದಲು ಬರೆಸಿ. ಪ್ಲಾಂಟಿನ ಹತ್ತಿರದ ಬಾವಿ ನೀರನ್ನು ಪರೀಕ್ಷೆ ಆಗುವ ತನಕ ಕುಡಿಯಬೇಡಿ. ನಮ್ಮಲ್ಲಿ ಫೈರ್‌ನವರು ಹೊಡೆದ ನೀರೆಲ್ಲ ಚರಂಡಿ ಸೇರಿ, ತೋಡಿನ ಮೀನು ಹೊಟ್ಟೆ ಮೇಲಾಗಿ ತೇಲಿದ್ದವು.

ಒಳಗಾ, ಹೊರಗಾ? ನನ್ನ ಅಭಿಪ್ರಾಯ ಕೇಳಿದರೆ, ಉಬ್ಬಸ ಇರುವವರು ಮನೆಯಲ್ಲಿದ್ದರೆ ಮೊದಲು ಒಳಗೆ. ಕಿಟಕಿ ಮುಚ್ಚಿ, ಎಸಿ, ಎಕ್ಸಾಸ್ಟ್ ಫ್ಯಾನ್ ಆರಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಪ್ಲಾಂಟಿಗೆ ಬೆನ್ನು ಹಾಕಿರುವ ಕೋಣೆಯಲ್ಲಿ ಕೂತು 112ಕ್ಕೆ ಫೋನ್ ಮಾಡಿ. ಮೂಗಿಗೆ ಒದ್ದೆ ಟವೆಲ್. ಹೊರಗೆ ತಿಳಿಯಾದ ಮೇಲೆ ಕಿಟಕಿ ತೆರೆದು ಆಚೆ ಬರಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಹೊರಗಿನ ಗಾಳಿ ಶುದ್ಧವಾದ ಮೇಲೂ ಒಳಗೆ ಸೇರಿಕೊಂಡದ್ದು ಉಳಿದಿರುತ್ತದೆ. ಮನೆಯೊಳಗೇ ಕಣ್ಣು ಬಿಡಲು ಆಗದಷ್ಟು ಘಾಟು ಬಂದರೆ, ಇಲ್ಲವೇ ಹೊರಗಿರುವಾಗಲೇ ಸಿಕ್ಕಿಬಿದ್ದರೆ, ತೆಂಗಿನ ಗರಿ ಯಾವ ಕಡೆ ವಾಲುತ್ತಿದೆ ನೋಡಿ ಗಾಳಿಗೆ ಅಡ್ಡವಾಗಿ ನಡೆಯಿರಿ. ಗಾಳಿಯ ಜೊತೆಗೆ ಓಡಿದರೆ ಗ್ಯಾಸೂ ನಿಮ್ಮ ಜೊತೆಗೇ ಬರುತ್ತದೆ. ಕಣ್ಣಿಗೆ ಹತ್ತಿದ್ದರೆ ಕನಿಷ್ಠ ಹದಿನೈದು ನಿಮಿಷ ನೀರು ಬಿಡುತ್ತಲೇ ಇರಿ.

ಮಾಸ್ಕಿಗೆ ದುಡ್ಡು ಹಾಕಬೇಡಿ. ಎನ್-95 ಧೂಳು ತಡೆಯುತ್ತದೆ, ಗ್ಯಾಸ್ ಅಲ್ಲ. ಅಮೋನಿಯಾಕ್ಕೆ ಅಂತಲೇ ಇರುವ ಕ್ಯಾನಿಸ್ಟರ್ ಬೇಕು, ಅದಕ್ಕೆ ಅವಧಿ ಇದೆ, ಮುಖಕ್ಕೆ ಸರಿಯಾಗಿ ಕೂರಬೇಕು, ಉಬ್ಬಸದವರಿಗೆ ಅದರಲ್ಲಿ ಉಸಿರಾಡುವುದೇ ಕಷ್ಟ. ಆ ದುಡ್ಡಿಗೆ ಅಮ್ಮನ ಇನ್‌ಹೇಲರ್ ಇನ್ನೊಂದು ತಂದಿಡಿ.

ಸೈರನ್ ನಂಬಿಕೊಂಡೂ ಕೂರಬೇಡಿ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಒಂದು ಕಾರ್ಖಾನೆಯಿಂದ ಸ್ಟೈರೀನ್ ಅನ್ನುವ ರಾಸಾಯನಿಕದ ಆವಿ ಸೋರಿ 12 ಜನ ಸತ್ತರು. ಕಾರ್ಖಾನೆಯಲ್ಲಿ ಸೈರನ್ ಇತ್ತು, ಊರಿಗೆ ಕೇಳಿಸುವ ಹಾಗೆ ಯಾರೂ ಒತ್ತಲಿಲ್ಲ. ಅಂಥ ದೊಡ್ಡ ಕಾರ್ಖಾನೆಗಳಿಗಾದರೂ ಭೋಪಾಲ ದುರಂತ ಆದಮೇಲೆ ಬಂದ 1989ರ, 1996ರ ನಿಯಮಗಳಿವೆ, ಜಿಲ್ಲಾಡಳಿತ ಹೊರಗಿನ ಜನರಿಗಾಗಿ ಯೋಜನೆ ಮಾಡಿಡಬೇಕು. ಐಸ್ ಪ್ಲಾಂಟ್‌ನಲ್ಲಿ ದಾಸ್ತಾನು ಕಡಿಮೆ, ಹಾಗಾಗಿ ಅಷ್ಟು ದೂರ ಯಾರೂ ಯೋಚಿಸಿರುವುದಿಲ್ಲ. ನೀವೇ ಪ್ಲಾಂಟಿಗೆ ಹೋಗಿ ರಾತ್ರಿ ಪಾಳಿಯ ಆಪರೇಟರ್‌ನ ನಂಬರ್ ತಗೊಳ್ಳಿ. ಮಾಲೀಕರ ನಂಬರ್ ಸಾಲದು, ಅವರು ರಾತ್ರಿ ಎತ್ತುವುದಿಲ್ಲ. ಚಾವಣಿ ಮೇಲೆ ಗಾಳಿ ತೋರಿಸುವ ಬಟ್ಟೆ ಚೀಲ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ ಅಂತ ಪಂಚಾಯಿತಿಯಲ್ಲಿ ಗಲಾಟೆ ಮಾಡಿ.

ನಿಮ್ಮ ಮನೆ ಪ್ಲಾಂಟಿನ ಪೂರ್ವಕ್ಕಿದೆಯಾ, ಉತ್ತರಕ್ಕಾ ಅಂತ ಬರೆದಿಲ್ಲ ನೀವು. ಪೂರ್ವಕ್ಕಿದ್ದರೆ ಹಗಲು ಹೊತ್ತು ನಿಮಗೆ ಅಪಾಯ ಜಾಸ್ತಿ, ಮಳೆಗಾಲದಲ್ಲಿ ರಾತ್ರಿಯೂ ಸೇರಿ. ಕೆಳಗೆ ತಿಳಿಸಿ, ಯಾವ ಕಡೆ ದಾರಿ ಇದೆ ಅನ್ನುವುದನ್ನೂ.