ನಕ್ಷೆಯ ಪ್ರತಿ ಕೊಡದಿದ್ದರೆ ಕಡತ ನೋಡಲು ಕೇಳಿ

ಮನೆಯ ಮೌಲ್ಯಮಾಪನಕ್ಕೆ ಮಂಜೂರಾದ ನಕ್ಷೆ ಕೇಳಿದರೆ ನಗರಾಡಳಿತದವರು ‘ಮಾಲೀಕರಿಗೆ ಮಾತ್ರ’ ಎಂದು ವಾಪಸು ಕಳಿಸಿದರು, ಮುಂದೇನು ಅಂತ ಕೇಳಿದ್ದೀರಿ. ಮಾಲೀಕರ ಸಹಿಯಿರುವ ಒಪ್ಪಿಗೆ ಪತ್ರವೇ ಸುಲಭದ ದಾರಿ. ಮನೆ ನೋಡಲು ಹೋದ ದಿನವೇ ಬರೆಸಿಕೊಳ್ಳಿ. ಅದು ಸಿಗದಿದ್ದರೆ, ಪ್ರತಿ ಬೇಡ, ಕಡತ ನೋಡಲು ಬಿಡಿ ಎಂದು ಲಿಖಿತವಾಗಿ ಕೇಳಿ. ವಾಸ್ತುಶಿಲ್ಪಿಯ ಕೃತಿಸ್ವಾಮ್ಯದ ಕಾರಣಕ್ಕೆ ಪ್ರತಿ ಕೊಡಲು ಹಿಂಜರಿಯುವ ಕಚೇರಿಗಳೂ ಇದಕ್ಕೆ ಒಪ್ಪುವುದುಂಟು.

ಅರ್ಜಿಯಲ್ಲಿ ಬರೀ ವಿಳಾಸ ಬರೆದರೆ ‘ದಾಖಲೆ ಸಿಗಲಿಲ್ಲ’ ಅನ್ನುವ ಉತ್ತರ ಬರಬಹುದು, ಏಕೆಂದರೆ ಬೀದಿಯ ಹೆಸರು, ಮನೆ ಸಂಖ್ಯೆ ಬದಲಾಗುತ್ತಿರುತ್ತವೆ. ಆಸ್ತಿ ತೆರಿಗೆ ಸಂಖ್ಯೆ ಹಾಕಿ, ಹಳೆಯ ಮಾಲೀಕರ ಹೆಸರಲ್ಲೂ ಹುಡುಕಿಸಿ.

ಕಡತ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅಂತಿಮ ತಪಾಸಣೆಯ ಸಹಿ. ಪರವಾನಗಿ ಇದ್ದೂ ಆ ಸಹಿ ಇಲ್ಲದಿದ್ದರೆ ಕಾಗದದ ಮಟ್ಟಿಗೆ ಕಟ್ಟಡ ಮುಗಿದಿಲ್ಲ.

ತೆರಿಗೆ ದಾಖಲೆಯ ವಿಸ್ತೀರ್ಣವನ್ನಂತೂ ದಯವಿಟ್ಟು ಹಾಗೇ ಎತ್ತಿ ಬರೆಯಬೇಡಿ. ಹೊರಗಿನಿಂದ 10×12 ಮೀಟರ್ ಇರುವ ಮನೆ 120 ಚದರ ಮೀಟರ್. ಹೊರಗೋಡೆ 25 ಸೆಂಟಿಮೀಟರ್ ದಪ್ಪವಿದ್ದರೆ ಒಳಗಿನ ಅಳತೆ 109.25 ಮಾತ್ರ. ದಾಖಲೆಯಲ್ಲಿರುವುದು ಯಾವುದು ಅಂತ ಕೇಳಿ.

ಮತ್ತೆ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಕೇಳಿದ ದಾಖಲೆ, ದಿನಾಂಕ, ಸಿಕ್ಕ ಉತ್ತರ, ಮೂರೂ ವರದಿಯಲ್ಲಿರಲಿ.