ಪ್ರವಾಸಿ ಹಡಗಿನಲ್ಲಿ ಊಟ ಫ್ರೀ ಇರುವಾಗ ಫ್ರಾನ್ಸಿನ ಬಂದರು ಮಾರ್ಸೇಯಲ್ಲಿ ಇಳಿದು ದುಡ್ಡು ಕೊಟ್ಟು ಮೀನೂಟ ಮಾಡಬೇಕಾ?

ಫ್ರೀ ಅಂತ ಯಾರು ಹೇಳಿದ್ದು? ಟಿಕೆಟ್ಟಿನಲ್ಲೇ ಕಿತ್ತುಕೊಂಡಿದ್ದಾರಲ್ವಾ! ನಾನೂ ಮೊದಲ ಸಲ ಇದೇ ಲೆಕ್ಕ ಹಾಕಿ ಕೆಟ್ಟವನು.

ಹಡಗು ಬೆಳಿಗ್ಗೆ ಎಂಟಕ್ಕೆ ನಿಂತಿತು. ಫ್ರೀ ಅಲ್ವಾ ಅಂತ ಹತ್ತರವರೆಗೂ ಬಫೆಯಲ್ಲಿ ತಿಂದೆವು. ಹಡಗು ನಿಲ್ಲುವ ಜಾಗದಿಂದ ಊರಿನ ಹಳೇ ಬಂದರಿಗೆ ಏಳೆಂಟು ಕಿಲೋಮೀಟರ್, ಬಸ್ಸಿಗೆ ಕ್ಯೂ ಬೇರೆ. ಆಮೇಲೆ ಗುಡ್ಡದ ಮೇಲಿನ ನೋಟ್ರ್ ಡಾಮ್ ಚರ್ಚು, ಒಂದು ಫೋಟೋ, ಇನ್ನೊಂದು ಫೋಟೋ. ಹೋಟೆಲ್ ಬಾಗಿಲಿಗೆ ಬಂದಾಗ ಎರಡು ಹತ್ತು. ಕುರ್ಚಿಗಳು ಖಾಲಿ ಇದ್ದವು. ಆದರೂ ಬಾಗಿಲಲ್ಲಿದ್ದ ಮನುಷ್ಯ ಊಟ ಇಲ್ಲ ಅಂತ ಕೈ ಅಡ್ಡ ಆಡಿಸಿಬಿಟ್ಟ.

ನನ್ನ ತಪ್ಪು ಇಷ್ಟೇ: ಹಸಿವಾದಾಗ ಊಟ ಸಿಗುತ್ತದೆ ಅಂದುಕೊಂಡೆ. ಕುಮಟಾದಲ್ಲಿ ಮೂರು ಗಂಟೆಗೆ ಹೋದರೂ ಅನ್ನ, ಮೀನು ಸಾರು ಹಾಕುತ್ತಾರೆ. ಫ್ರಾನ್ಸಿನಲ್ಲಿ ಹೆಚ್ಚಿನ ಕಡೆ ಮಧ್ಯಾಹ್ನದ ಊಟ ಅಂದರೆ ಹನ್ನೆರಡರಿಂದ ಎರಡು. ಆಮೇಲೆ ಅಡುಗೆಮನೆಯ ಒಲೆ ಆರುತ್ತದೆ. ಕಾಫಿ ಕೊಡುತ್ತಾರೆ, ಊಟ ಇಲ್ಲ. ನಾನು ಚರ್ಚು ಮೊದಲು, ಊಟ ಆಮೇಲೆ ಅಂದೆ. ಚರ್ಚು ಸಂಜೆಯವರೆಗೂ ಅಲ್ಲೇ ಇರುತ್ತದೆ ಮಾರಾಯ್ರೆ! ಇನ್ನೊಂದು, ಅಲ್ಲಿನ ಹೆಸರುವಾಸಿ ಮೀನು ಸಾರು ಬುಯಾಬೆಸ್ ಬೇಕಾದರೆ ಒಳ್ಳೆಯ ಕಡೆ ಹಿಂದಿನ ದಿನವೇ ಹೇಳಿಡಬೇಕು. ಅದೂ ಗೊತ್ತಿರಲಿಲ್ಲ. ಕೊನೆಗೆ ದಂಡೆಯಲ್ಲಿ ಫೋಟೋ ಮೆನು ಹಾಕಿದ ಅಂಗಡಿಯೊಂದರಲ್ಲಿ ಕೆಂಪು ನೀರು, ಅದರಲ್ಲಿ ನಾಲ್ಕು ನೀಲಿಕಲ್ಲು (ಚಿಪ್ಪುಮೀನು) ತಿಂದು ಬಂದೆವು. ನನ್ನ ಹೆಂಡತಿ ಹಡಗು ಹತ್ತುವವರೆಗೂ ಮಾತಾಡಲಿಲ್ಲ.

ಎರಡನೇ ಸಲ ಹೋದಾಗ ಬೆಳಿಗ್ಗೆ ಬರೀ ಕಾಫಿ. ಹನ್ನೆರಡೂಕಾಲಿಗೆ ಟೇಬಲ್ ಹೇಳಿಟ್ಟಿದ್ದೆ. ಮೊದಲು ಇಡೀ ಮೀನುಗಳನ್ನು ತಟ್ಟೆಯಲ್ಲಿ ತಂದು ತೋರಿಸಿದರು. ರಾಸ್ಕಾಸ್ ಅಂತ ಒಂದಿದೆ, ಕೆಂಪಗೆ, ಮೈತುಂಬ ಮುಳ್ಳು, ಮುಖ ಸಿಟ್ಟಿನದು. ಮಾರಾಟವಾಗದೆ ಉಳಿದ ಇಂಥ ಮುಳ್ಳು ಮೀನನ್ನೇ ಬೆಸ್ತರು ಕುದಿಸಿ ತಿನ್ನುತ್ತಿದ್ದರಂತೆ. ಈಗ ಅದಕ್ಕೇ ಒಬ್ಬರಿಗೆ ಅರವತ್ತು ಎಪ್ಪತ್ತು ಯೂರೋ! 1980ರಲ್ಲಿ ಅಲ್ಲಿನ ಕೆಲವು ಹೋಟೆಲಿನವರೇ ಕೂತು ನಿಯಮ ಬರೆದುಕೊಂಡಿದ್ದಾರೆ: ಕಡಿಮೆ ಅಂದರೂ ನಾಲ್ಕು ಜಾತಿ ಮೀನು, ಬಿಡಿಸುವುದು ಗಿರಾಕಿಯ ಎದುರೇ. ಹಾಗಾಗಿ ಇಪ್ಪತ್ತು ಯೂರೋಗೆ ಬುಯಾಬೆಸ್ ಅಂತ ಬೋರ್ಡು ಕಂಡರೆ ಸುಮ್ನೆ ಮುಂದೆ ನಡೆಯಿರಿ.

ಮೊದಲು ಬರುವುದು ಸಾರು, ಕೇಸರಿ ಹಾಕಿದ್ದು. ಗರಿಗರಿ ಬ್ರೆಡ್ಡಿಗೆ ಹಸಿ ಬೆಳ್ಳುಳ್ಳಿ ತಿಕ್ಕಿ, ಮೇಲೆ ರುಯಿ ಅನ್ನೋ ಖಾರದ ಗೊಜ್ಜು ಸವರಿ, ಸಾರಿನಲ್ಲಿ ತೇಲಿಬಿಡಬೇಕು. ಮೀನು ಆಮೇಲೆ, ಬೇರೆ ತಟ್ಟೆಯಲ್ಲಿ.

ನೀವು ಕೇಳಿದ್ದು ಊಟ ದುಬಾರಿಯಾ ಅಂತ. ನಾನು ಕೇಳೋದು, ಆ ದಿನ ಬೆಳಿಗ್ಗೆ ಬಫೆಗೆ ಹೋಗದೆ ಇರ್ತೀರಾ? ನನ್ನ ಹೆಂಡತಿ ಎರಡು ಸಲ ಸಾರು ಹಾಕಿಸಿಕೊಂಡಳು. ಚರ್ಚಿಗೆ ಈ ಸಲ ಹೋಗಲೇ ಇಲ್ಲ.